ಮಾಡಿದ್ದುಣ್ಣೋ ಮಹಾರಾಯ: ಹೇಳುವವರು ಯಾರು?

‘ಮಾಡಿದ್ದುಣ್ಣೋ ಮಹಾರಾಯ.’ ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಇದನ್ನೇ ಹೆಸರಾಗಿಟ್ಟರು. ನಾವು ಮಾತ್ರ ಈ ಗಾದೆಯನ್ನು ಹೆಚ್ಚಾಗಿ ಪಕ್ಕದ ಮನೆಯವರಿಗಾಗಿ ಎತ್ತಿಟ್ಟಿರುತ್ತೇವೆ. ಸಿಕ್ಕಿಬಿದ್ದವನನ್ನು ನೋಡಿ ಅನ್ನುತ್ತೇವೆ, ಅದರಲ್ಲಿ ಸ್ವಲ್ಪ ಖುಷಿಯೂ ಇರುತ್ತದೆ. ತನ್ನ ಸರದಿ ಬಂದಾಗ ಇದನ್ನು ಬಾಯಿಬಿಟ್ಟು ಹೇಳಿಕೊಂಡವರು ಅಪರೂಪ.

ಕ್ಷಮೆಯನ್ನೇ ಸಾರುವ ಕ್ರೈಸ್ತ ಧರ್ಮದಲ್ಲಿ ಇಂಥ ಒರಟು ಗಾದೆಗೆ ಜಾಗವೆಲ್ಲಿ ಎಂದು ಕೇಳಬಹುದು. ಜಾಗ ಇರುವುದು ಶಿಲುಬೆಯ ಮೇಲೆಯೇ. ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಯೇಸುವಿನ ಎಡಬಲಕ್ಕೆ ಇಬ್ಬರು ಅಪರಾಧಿಗಳಿದ್ದಾರೆ. ನಿಜವಾಗಿ ಕ್ರಿಸ್ತನಾಗಿದ್ದರೆ ತಾನೂ ಪಾರಾಗಿ ತಮ್ಮನ್ನೂ ಪಾರುಮಾಡಲಿ ಎಂದು ಒಬ್ಬ ಹಂಗಿಸುತ್ತಾನೆ. ಅವನಿಗೆ ಬೇಕಾದದ್ದು ಕೆಳಗಿಳಿಯುವುದು, ಅಷ್ಟೇ. ಇನ್ನೊಬ್ಬ ಅವನನ್ನು ಗದರಿಸಿ, ನಮಗೆ ಆಗುತ್ತಿರುವುದು ನ್ಯಾಯವೇ, ಮಾಡಿದ್ದಕ್ಕೆ ತಕ್ಕದ್ದನ್ನು ಪಡೆಯುತ್ತಿದ್ದೇವೆ ಎನ್ನುತ್ತಾನೆ. ನಮ್ಮ ಗಾದೆಯನ್ನೇ ಅವನು ತನ್ನ ಮೇಲೆ ಹೇಳಿಕೊಂಡ. ಆಮೇಲೆ ಯೇಸುವಿನಲ್ಲಿ ಬೇಡಿಕೊಂಡದ್ದು ತನ್ನನ್ನು ನೆನಪಿಟ್ಟುಕೊಳ್ಳಲೆಂದು ಮಾತ್ರ. ಅಂದೇ ಪರದೈಸು ಸಿಗುವ ಮಾತು ಸಿಕ್ಕಿತು, ಆದರೆ ಮೊಳೆ ಕೀಳಲಿಲ್ಲ. ಕ್ಷಮೆ ಪಡೆದವನೂ ಸಂಜೆಯೊಳಗೆ ಅಲ್ಲೇ ಸತ್ತ. ಈ ಕಡೆಯ ಅಂಶವನ್ನು ಶುಭ ಶುಕ್ರವಾರದ ಪ್ರಸಂಗಗಳಲ್ಲಿ ನಾವು ಬೇಗ ದಾಟಿಬಿಡುತ್ತೇವೆ.

ಬಾಯಿಮಾತಿನಿಂದ ಪಶ್ಚಾತ್ತಾಪವನ್ನು ಅಳೆಯಲು ಬರುವುದಿಲ್ಲ. ಆನೆಕಲ್ಲು ಮಳೆ ಸುರಿದಾಗ ಈಜಿಪ್ಟಿನ ದೊರೆ ಫರೋಹನೂ ತಾನು ಪಾಪಿ ಎಂದ, ಮಳೆ ನಿಂತೊಡನೆ ಮನಸ್ಸು ಕಲ್ಲು ಮಾಡಿಕೊಂಡ. ಅರಸ ಸೌಲನೂ ಪ್ರವಾದಿ ಸಮುವೇಲನ ಮುಂದೆ ತಪ್ಪೊಪ್ಪಿಕೊಂಡ, ಆದರೆ ಅದೇ ಉಸಿರಿನಲ್ಲಿ, ಹಿರಿಯರ ಮುಂದೆ ತನ್ನ ಮಾನ ಉಳಿಸಬೇಕೆಂದು ಕೇಳಿಕೊಂಡ. ದಾವೀದನ ಪಾಪ ಸೌಲನದಕ್ಕಿಂತ ಹೊಲಸು: ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಊರೀಯನನ್ನೇ ಕೊಲ್ಲಿಸಿದ. ಆದರೆ ಪ್ರವಾದಿ ನಾತಾನ ಎದುರು ನಿಂತು ಹೇಳಿದಾಗ ಅವನು ನೆಪ ಹೇಳಲಿಲ್ಲ. ಪಾಪ ಮನ್ನಾ ಆಯಿತು, ಆದರೆ ಆ ಸಂಬಂಧದಿಂದ ಹುಟ್ಟಿದ ಮಗು ಉಳಿಯಲಿಲ್ಲ. ಮಗು ಬದುಕಲೆಂದು ಅವನು ಉಪವಾಸ ಬಿದ್ದು ಬೇಡಿಕೊಂಡದ್ದು ನಿಜ. ನೋವು ತಪ್ಪಲಿ ಎಂದು ಬೇಡುವುದು ಪಾಪವಲ್ಲ. ಬೇಡಿದ್ದು ಸಿಗದಾಗ ದಾವೀದ ಎದ್ದು ದೇವರ ಮನೆಗೆ ಹೋದ ಎಂಬುದನ್ನು ಗಮನಿಸಬೇಕು.

ಬೆಂಗಳೂರಿನ ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿ ಪಶ್ಚಾತ್ತಾಪ, ಶಿಕ್ಷೆಗಳ ವಿಷಯದ ಹಳೆಯ ವಾದಿ ಪ್ರತಿವಾದಿಗಳು ಈಗ ನೆರೆಹೊರೆಯವರು. ಒಂದು ಕಡೆ ಬೆಂಗಳೂರಿನ ಕಥೋಲಿಕ ಮಹಾಧರ್ಮಾಧ್ಯಕ್ಷರ ನಿವಾಸ, ಇನ್ನೊಂದು ಕಡೆ 1910ರಲ್ಲಿ ಶುರುವಾದ, ಪ್ರಾಟೆಸ್ಟೆಂಟ್ ಪಾದ್ರಿಗಳನ್ನು ತಯಾರು ಮಾಡುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. 1517ರಲ್ಲಿ ಲೂಥರ್ ಸಿಟ್ಟಾದದ್ದು ದುಡ್ಡು ಕೊಟ್ಟು ಶಿಕ್ಷೆ ಮನ್ನಾ ಮಾಡಿಸಿಕೊಳ್ಳುವ ಪತ್ರಗಳ ಮೇಲೆ. ನಿಜವಾಗಿ ಮನ ಕರಗಿದವನು ಶಿಕ್ಷೆಯಿಂದ ಓಡುವುದಿಲ್ಲ, ಅದನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬುದು ಅವನ 95 ವಾದಗಳಲ್ಲೊಂದು. 1551ರಲ್ಲಿ ಕಥೋಲಿಕರ ತ್ರೆಂತ್ ಮಹಾಸಭೆ ಇದಕ್ಕೆ ಇನ್ನೊಂದು ಮುಖ ತೋರಿಸಿತು: ನರಕದ ಭಯದಿಂದ ಹುಟ್ಟಿದ ದುಃಖವೂ, ಪಾಪ ಬಿಡುವ ಮನಸ್ಸು ಜೊತೆಗಿದ್ದರೆ, ದೇವರ ವರವೇ. ಈ ಔದಾರ್ಯ ನನಗೆ ಹಿಡಿಸುತ್ತದೆ. ಭಯಬಿದ್ದೇ ನಮ್ಮಲ್ಲಿ ಬಹಳ ಮಂದಿ ಗುಡಿಯ ಬಾಗಿಲಿಗೆ ಬರುವುದು. ಬಂದವರು ಭಯದಲ್ಲೇ ಉಳಿದು, ಭಯ ಹೋದೊಡನೆ ಹೊರಟುಬಿಟ್ಟರೆ ಫರೋಹನ ಕಥೆಯೇ ಆಗುತ್ತದೆ.

ಕಂಟೋನ್ಮೆಂಟಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳಿ, ಚೀಟಿ ಹಣ. ಹತ್ತು ಮನೆಯ ಚೀಟಿ ನುಂಗಿದವನು ಪಾಪನಿವೇದನೆಗೆ ಹೋಗಿ ಅತ್ತು, ಪೊಲೀಸ್ ಕೇಸು ಆಗದಿರಲೆಂದು ಮೇಣದಬತ್ತಿ ಹಚ್ಚುತ್ತಾನೆ. ಕಣ್ಣೀರು ಸುಳ್ಳಲ್ಲ, ಆದರೆ ಅದು ಯಾರಿಗಾಗಿ? ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಕಥೋಲಿಕ ಧರ್ಮೋಪದೇಶ ಸ್ಪಷ್ಟವಾಗಿಯೇ ಹೇಳುತ್ತದೆ. ಅದೇ ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದಲ್ಲಿ ಸೇರುವ ಮುಸ್ಲಿಮರೂ ತೌಬಾದ, ಅಂದರೆ ಪಶ್ಚಾತ್ತಾಪದ, ಬಗ್ಗೆ ಇದನ್ನೇ ಕೇಳಿ ಬೆಳೆದವರು: ಜನರ ಹಕ್ಕನ್ನು ಜನರಿಗೆ ಹಿಂದಿರುಗಿಸಬೇಕು. ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ ದೇವರ ಕಡೆಗೆ ತಿರುಗಿಸುವ ದುಃಖ, ಲೋಕದ ದುಃಖ ಎಂದು ಎರಡನ್ನು ಬೇರೆ ಮಾಡುತ್ತಾನಲ್ಲ, ಜಕ್ಕಾಯನ ಮನೆಯಲ್ಲಿ ಮೊದಲನೆಯದು ಲೆಕ್ಕದ ಪುಸ್ತಕಕ್ಕೇ ಇಳಿಯಿತು.

ಇದು ಒಬ್ಬೊಬ್ಬರ ಮಾತಷ್ಟೇ ಅಲ್ಲ. ಸಭೆಯ ಒಳಗೆ ಹಣಕ್ಕೋ ಮೈಗೋ ಸಂಬಂಧಪಟ್ಟ ಅನ್ಯಾಯ ನಡೆದಾಗ, ಸಮಿತಿಯ ಬಾಯಲ್ಲಿ ಮೊದಲು ಬರುವ ಮಾತು ‘ಸಭೆಯ ಹೆಸರು ಕೆಡಬಾರದು’ ಎಂಬುದು. ಹಿರಿಯರ ಮುಂದೆ ಮಾನ ಉಳಿಸು ಎಂದ ಸೌಲನ ಮಾತಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ನೊಂದವರನ್ನು ‘ಕ್ಷಮಿಸಿಬಿಡಿ’ ಎಂದು ಒತ್ತಾಯಿಸುವುದಂತೂ ಇನ್ನೂ ದೊಡ್ಡ ಅನ್ಯಾಯ. ತಪಸ್ಸುಕಾಲದಲ್ಲಿ ಪಶ್ಚಾತ್ತಾಪದ ಬಗ್ಗೆ ಬೋಧಿಸುವ ಗುರುಗಳೂ ಪಾದ್ರಿಗಳೂ ಇಂಥ ಕಡೆ ಮೊದಲು ದೂರು ಕೊಡಲು ನೆರವಾಗಲಿ, ನಷ್ಟ ತುಂಬಿಸಲಿ. ಪ್ರಾರ್ಥನೆ ಆಮೇಲೆ ನಡೆಸಲಿ.