ದಾನಿಯ ಹೆಸರು, ದಾನದ ಮೂಲ

ಬಾಂದ್ರಾದಿಂದ ಮಾಹಿಮಿಗೆ ದಿನವೂ ಹೋಗಿಬರುವ ನಮಗೆ ಕಾಲಡಿಯ ರಸ್ತೆಯ ಚರಿತ್ರೆ ನೆನಪಾಗುವುದು ಅಪರೂಪ. ಒಂದು ಕಾಲಕ್ಕೆ ಇಲ್ಲಿದ್ದುದು ಖಾಡಿ ಮತ್ತು ಕೆಸರು. ದೋಣಿಯನ್ನು ನಂಬಿ ದಾಟಬೇಕಾಗಿತ್ತು. ಕಂಪೆನಿ ಸರಕಾರ ಹಣ ಕೊಡಲೊಲ್ಲದಾಗ ಸರ್ ಜಮ್ಶೆಟ್ಜಿ ಜೀಜೀಭಾಯ್ ಅವರ ಪತ್ನಿ ಆವಾಬಾಯಿಯವರು ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿ ಕೊಟ್ಟು ಈ ಸೇತುಮಾರ್ಗವನ್ನು ಕಟ್ಟಿಸಿದರು. 1845ರಲ್ಲಿ ಅದು ತೆರೆಯಿತು. ದಾಟುವವರಿಂದ ಸುಂಕ ವಸೂಲು ಮಾಡಕೂಡದೆಂಬುದು ಆ ತಾಯಿಯ ಷರತ್ತು. ಮಾಹಿಮಿನ ಲೇಡಿ ಜಮ್ಶೆಟ್ಜಿ ರಸ್ತೆ ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

ಇಷ್ಟು ಪುಣ್ಯದ ಬಾಬ್ತು. ಆದರೆ ಆ ಮನೆತನದ ಸಂಪತ್ತಿನ ದೊಡ್ಡ ಪಾಲು ಚೀನಾದೊಡನೆ ನಡೆದ ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ ಬಂದುದು. ತನ್ನ ಪ್ರಜೆಗಳನ್ನು ಹಾಳುಗೆಡವುತ್ತಿದ್ದ ಆ ಸರಕನ್ನು ಚೀನಾ 1839ರಲ್ಲಿ ನಾಶಮಾಡಿದಾಗ ಬ್ರಿಟಿಷರು ಯುದ್ಧವನ್ನೇ ಹೂಡಿದರು. ಹಾಗಾದರೆ ನಾವು ದಾಟುವ ಹಾದಿ ಪುಣ್ಯದ್ದೋ ಪಾಪದ್ದೋ? ದಾನವನ್ನು ಅನುಭವಿಸುವವನಿಗೆ ಅದರ ಮೂಲವನ್ನು ಕೇಳುವ ಕರ್ತವ್ಯವಿದೆಯೆ?

ಇದೇ ಪ್ರಶ್ನೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬೀದಿಗೆ ಬಂದಿತು. ಎಡ್ವರ್ಡ್ ಕೋಲ್‌ಸ್ಟನ್ ಆ ಊರಿನ ಶಾಲೆ, ಬಡವರ ಆಶ್ರಯಗೃಹಗಳಿಗೆ ಧಾರಾಳವಾಗಿ ದಾನಮಾಡಿದವನು. ಅವನು ಪಾಲುಗಾರನಾಗಿದ್ದ ರಾಯಲ್ ಆಫ್ರಿಕನ್ ಕಂಪೆನಿ ಆ ವರ್ಷಗಳಲ್ಲಿ ಸುಮಾರು 84,000 ಆಫ್ರಿಕನ್ನರನ್ನು ಗುಲಾಮರನ್ನಾಗಿ ಸಾಗಿಸಿತೆಂದೂ, ಅವರಲ್ಲಿ ಸುಮಾರು 19,000 ಮಂದಿ ಹಡಗಿನಲ್ಲೇ ಸತ್ತರೆಂದೂ ಅಂದಾಜಿದೆ. 1895ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯ ಫಲಕದಲ್ಲಿ ದಾನಿಯ ಸದ್ಗುಣದ ಪ್ರಶಂಸೆಯಿತ್ತು, ಗುಲಾಮರ ಮಾತಿರಲಿಲ್ಲ. ನಿಜವನ್ನು ಬರೆಯುವ ಹೊಸ ಫಲಕಕ್ಕಾಗಿ ಊರಿನವರು ಕೇಳಿದರು. ಪದಗಳ ಜಗಳದಲ್ಲೇ ಕಾಲ ಕಳೆಯಿತೇ ಹೊರತು ಫಲಕ ಏರಲಿಲ್ಲ. ಕೊನೆಗೆ 2020ರ ಜೂನ್ 7ರಂದು ಜನರು ಹಗ್ಗ ಹಾಕಿ ಪ್ರತಿಮೆಯನ್ನು ಕೆಡವಿ ಬಂದರಿನ ನೀರಿಗೆ ನೂಕಿದರು. ಆಪಾದಿತರಾದ ನಾಲ್ವರನ್ನು 2022ರಲ್ಲಿ ಜೂರಿ ನಿರ್ದೋಷಿಗಳೆಂದಿತು. ಪ್ರತಿಮೆ ಈಗ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಮೈಮೇಲಿನ ಬಣ್ಣದ ಕಲೆಗಳೊಡನೆ ಮಲಗಿದೆ.

ಆದರೆ ಇದೇ ಬ್ರಿಸ್ಟಲ್ಲಿನಲ್ಲಿ ಅದಕ್ಕೂ ಹಿಂದೆ ಇನ್ನೊಂದು ಕಾರ್ಯ ನಡೆದಿತ್ತು. ಅಲ್ಲಿಯ ಬಸ್ ಕಂಪೆನಿ ಕಪ್ಪು ಜನರನ್ನೂ ಏಷ್ಯದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. 1963ರಲ್ಲಿ ಪಾಲ್ ಸ್ಟೀಫನ್‌ಸನ್ ಮೊದಲಾದವರು ಬಸ್ ಬಹಿಷ್ಕಾರ ಹೂಡಿದರು. ನಾಲ್ಕು ತಿಂಗಳಲ್ಲಿ ಕಂಪೆನಿ ಮಣಿಯಿತು. ವರ್ಣಭೇದದ ತಡೆ ಮುರಿದು ಮೊದಲು ಕಂಡಕ್ಟರ್ ಆದವರು ರಘುಬೀರ್ ಸಿಂಗ್, ನಮ್ಮ ದೇಶದಿಂದ ಹೋದ ಸಿಖ್ಖರು. 1965ರಲ್ಲಿ ಪಾರ್ಲಿಮೆಂಟು ವರ್ಣಭೇದದ ವಿರುದ್ಧ ಮೊದಲ ಕಾಯಿದೆ ಮಾಡಿತು. 1968ರಲ್ಲಿ ಅದು ಉದ್ಯೋಗಕ್ಕೂ ವಸತಿಗೂ ವಿಸ್ತರಿಸಿತು. ಆ ದಿನಗಳಲ್ಲೆಲ್ಲ ಕೋಲ್‌ಸ್ಟನ್ ತನ್ನ ಪೀಠದ ಮೇಲೆ ನಿಂತೇ ಇದ್ದ.

ಅದೇ 1965ರಲ್ಲಿ ನಮ್ಮ ಮುಂಬಯಿಯಲ್ಲಿ ಏಳನೆಯ ಎಡ್ವರ್ಡನ ಕುದುರೆಸವಾರಿಯ ಪ್ರತಿಮೆಯನ್ನು ಫೋರ್ಟಿನಿಂದ ಭಾಯಖಳಕ್ಕೆ ಸಾಗಿಸಲಾಯಿತು. ಅದೂ ದಾನವೇ: ಅಫೀಮಿನ ವ್ಯಾಪಾರದಲ್ಲಿ ಬೆಳೆದ ಸಸೂನ್ ಮನೆತನದ ಆಲ್ಬರ್ಟ್ ಸಸೂನ್ 1879ರಲ್ಲಿ ಕೊಟ್ಟದ್ದು. ದೊರೆ ಹೋದ, ಹೆಸರು ಹೋಗಲಿಲ್ಲ. ಜನರಿಗೆ ಆ ಜಾಗ ಇಂದಿಗೂ ಕಾಳಾ ಘೋಡಾ. 2017ರಲ್ಲಿ ಅಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದು ಬಂದು ನಿಂತಿದೆ.

ಇದರಿಂದ ನಮಗೆ ತಿಳಿಯುವುದೇನು? ಪ್ರತಿಮೆ ಹೋದ ಮಾತ್ರಕ್ಕೆ ಅನ್ಯಾಯ ಹೋಗದು. ನ್ಯಾಯ ಬರುವುದು ಕೆಲಸದಲ್ಲಿ, ಮನೆಯಲ್ಲಿ, ಕಾಯಿದೆಯಲ್ಲಿ. ಹಾಗೆಂದು ಕಲ್ಲು ಬರಿಯ ಕಲ್ಲೆಂದು ತಳ್ಳಿಹಾಕುವುದೂ ಸರಿಯಲ್ಲ. ಯಾರ ಪೂರ್ವಿಕರನ್ನು ಮಾರಿ ಹಣ ಗಳಿಸಲಾಯಿತೋ ಅವರು ದಿನವೂ ಮಾರಿದವನ ಪ್ರಶಂಸೆಯ ಕೆಳಗೆ ನಡೆದುಹೋಗಬೇಕೆಂಬುದು ಅವಮಾನವೇ ಸರಿ. ಅಂಗಡಿ ನಡೆಸುವ ಯಾರಿಗೂ ಗೊತ್ತು, ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟರೆ ಅದು ಲೆಕ್ಕವಲ್ಲ, ಸುಳ್ಳು. ಎರಡನ್ನೂ ಕಾಲಕ್ಕೆ ಸರಿಯಾಗಿ ಬರೆದರೆ ಎಷ್ಟೋ ಹಗ್ಗಗಳು ಬೇಕಾಗುವುದಿಲ್ಲ. ಆವಾಬಾಯಿಯವರ ಔದಾರ್ಯವನ್ನೂ ಚೀನಾದ ಬಡವನ ಸಂಕಟವನ್ನೂ ಒಟ್ಟಿಗೆ ಹೇಳಿದರೆ ಸೇತುವೆಯೇನೂ ಕುಸಿಯದು. ನಮ್ಮ ಕೃತಜ್ಞತೆ ಮಾತ್ರ ಪ್ರಾಮಾಣಿಕವಾದೀತು.

ಪರರ ಲೆಕ್ಕ ನೋಡುವುದು ಸುಲಭ, ಅದೇ ಕಣ್ಣಿನಿಂದ ನಮ್ಮದನ್ನೂ ನೋಡಬೇಕಷ್ಟೆ. ಊರಿನಿಂದ ಬಂದ ನಮ್ಮವರು ಈ ಮಹಾನಗರದಲ್ಲಿ ಹೋಟೆಲುಗಳನ್ನು ಕಟ್ಟಿದರು, ಸಂಘಗಳನ್ನು ಕಟ್ಟಿದರು, ರಾತ್ರಿಶಾಲೆಗಳನ್ನು ನಡೆಸಿದರು. ಅದು ಹೆಮ್ಮೆಯ ಚರಿತ್ರೆ. ಆದರೆ ಹಗಲಿಡೀ ತಟ್ಟೆ ಲೋಟ ತೊಳೆದು ರಾತ್ರಿ ತೂಕಡಿಸುತ್ತ ಅಕ್ಷರ ಕಲಿತ ಎಳೆಯ ಮಾಣಿಗಳ ದುಡಿಮೆಯೂ ಆ ಕಟ್ಟಡಗಳಲ್ಲಿ ಸೇರಿದೆ. ಬ್ರಿಸ್ಟಲ್ಲಿನ ಬಸ್ಸಿಗೆ ಬಣ್ಣ ಅಡ್ಡವಾದರೆ ನಮ್ಮ ಎಷ್ಟೋ ಅಡಿಗೆಮನೆಗಳಿಗೆ ಜಾತಿ ಅಡ್ಡವಾಗಿತ್ತು. ಹೆಸರು, ಜಾತಿ, ಊಟದ ರೀತಿ ಕೇಳಿ ಬಾಡಿಗೆಮನೆ ನಿರಾಕರಿಸಿದಾಗ ನೋಯುವ ನಾವು, ನಮ್ಮದೇ ಮನೆ ಬಾಡಿಗೆಗೆ ಕೊಡುವ ದಿನ ಏನು ಕೇಳುತ್ತೇವೆ?

ನಮ್ಮ ಸಭಾಗೃಹಗಳ ಗೋಡೆಯ ಮೇಲೂ ದಾನಿಗಳ ಅಮೃತಶಿಲೆಯ ಫಲಕಗಳಿವೆ. ಅವನ್ನು ಯಾರೂ ಕೀಳಬೇಕಾಗಿಲ್ಲ. ಅವುಗಳ ಕೆಳಗೆ ಇನ್ನೊಂದು ಸಾಲಿಗೆ ಸ್ಥಳವಿದೆ. ಹೆಸರು ಬರೆಸದೆ ದುಡಿದವರಿಗಾಗಿ ಆ ಸಾಲನ್ನು ಬರೆಯುವ ಧೈರ್ಯ ನಮ್ಮ ಸಂಘಗಳಿಗೆ ಬರಲಿ. ಬರೆದ ಮೇಲೆ ನಮ್ಮ ನಡತೆಯೂ ಆ ಸಾಲಿಗೆ ತಕ್ಕಂತಿರಲಿ.