ಇಂದಿನ ಧಮ್ಮ ಚಿಂತನೆ: ಕೇಳುಸ್ಕರ್ ಮೇಷ್ಟ್ರ ಎರಡನೆಯ ಕೆಲಸ



ಕಲ್ಯಾಣಮಿತ್ರರು ಸಿಕ್ಕರೆ ಧಮ್ಮದ ಹಾದಿ ಅರ್ಧ ಮುಗಿದಂತೆ ಎಂದ ಆನಂದನಿಗೆ, ಅರ್ಧವಲ್ಲ, ಇಡೀ ಹಾದಿಯೇ ಅದು ಎಂದು ಭಗವಾನರು ತಿದ್ದಿದ ಮಾತು ಸಂಯುತ್ತ ನಿಕಾಯದಲ್ಲಿದೆ.

1907ರಲ್ಲಿ ಬಾಬಾಸಾಹೇಬರು ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ತಾವೇ ಬರೆದ ಬುದ್ಧ ಚರಿತ್ರೆಯನ್ನು ಕೊಟ್ಟರು. ಇದು ನಮಗೆಲ್ಲ ಗೊತ್ತು. ಮುಂದೆ ಮನೆಯಲ್ಲಿ ಕಾಲೇಜಿಗೆ ಹಣವಿಲ್ಲದಾದಾಗ ಅದೇ ಮೇಷ್ಟ್ರು ಬರೋಡಾ ಮಹಾರಾಜ ಸಯಾಜಿರಾವ್ ಅವರ ಹತ್ತಿರ ಮಾತಾಡಿ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಡಿಸಿದರು. ಇದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನನಗಂತೂ ಇದೇ ದೊಡ್ಡದಾಗಿ ಕಾಣುತ್ತದೆ.

ನಿವೃತ್ತನಾದ ಮೇಲೆ ಪದವಿ ಓದುವ ನಮ್ಮ ಮಕ್ಕಳ ಜೊತೆ ಪ್ರತಿ ಭಾನುವಾರ ಕೂರುತ್ತೇನೆ. ವಿದ್ಯಾರ್ಥಿವೇತನಕ್ಕೆ ಈಗ ಮಹಾರಾಜರನ್ನು ಕಾಣಬೇಕಿಲ್ಲ, ಅದು ಹಕ್ಕು. ಆದರೆ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂದು ಹಣ ನಿಂತರೆ, ಮನೆಯಲ್ಲಿ ಮೊದಲು ಕಾಲೇಜು ಕಂಡ ಹುಡುಗಿ ಯಾರನ್ನೂ ಕೇಳದೆ ಸುಮ್ಮನೆ ಕ್ಲಾಸು ಬಿಡುತ್ತಾಳೆ. ಸೋಮವಾರ ಅವಳ ಜೊತೆ ಬ್ಯಾಂಕಿನ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸ. ಪ್ರೊಫೆಸರ್ ಆಗಿದ್ದವರಿಗೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ, ಅನ್ನಲಿ.

ನಿವೃತ್ತ ಮೇಷ್ಟ್ರುಗಳೇ, ನಿಮ್ಮ ಪಿಂಚಣಿಯಲ್ಲಿ ಪಾಲು ಕೇಳುತ್ತಿಲ್ಲ. ಭಾನುವಾರ ಎರಡು ಗಂಟೆ ಹೊತ್ತು ಬಂದು ಕೂತುಕೊಳ್ಳಿ.