ಮೋಶೆಯ ಮಂದ ನಾಲಿಗೆ



ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ಕನ್ನಡ ಮನೆಯವರಾದ ನಮಗೆ ಬಲಿಪೂಜೆಯಲ್ಲಿ ವಾಚನ ಓದಿ ಎಂದರೆ ಬಾಯಿಗೆ ಬರುವುದು ಒಂದೇ ಉತ್ತರ: “ನಮ್ಮ ತೆಲುಗು ಸರಿಯಿಲ್ಲ ಸ್ವಾಮಿ.” ಹೋಗಲಿ, ಕನ್ನಡದಲ್ಲೇ ಓದಿ ಎಂದರೆ, ತೆಲುಗು ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಅಕ್ಷರಕ್ಕೆ ತಡವರಿಸುತ್ತಾರೆ. ಎರಡೂ ಕಡೆ ನಾಚಿಕೆ. ಹಿಂದಿನ ಸಾಲಿನಲ್ಲಿ ಕೂತುಬಿಡುತ್ತೇವೆ.

ಹೋರೇಬ್ ಬೆಟ್ಟದಲ್ಲಿ ಮೋಶೆ ಹೇಳಿದ್ದೂ ಇದನ್ನೇ. ಮಾತು ಬಾರದವನು, ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳುಹಿಸಿ ಎಂದ (ವಿಮೋಚನಾಕಾಂಡ 4:10-13). ಕೊರತೆ ಮಾತಿನದಷ್ಟೇ ಅಲ್ಲ. ಈಜಿಪ್ಟಿನವನೊಬ್ಬನನ್ನು ಕೊಂದು, ಮರಳಲ್ಲಿ ಹೂತು ಓಡಿಬಂದಿದ್ದವನು ಅವನು. ಫರೋಹನ ಮುಂದೆ ನಿಂತಾಗ ವಯಸ್ಸು 80. ಆದರೂ ದೇವರು ಅವನನ್ನು ಬಿಡಲಿಲ್ಲ. ಗಮನಿಸಿ, ನಾಲಿಗೆಯನ್ನು ಗುಣಪಡಿಸಿದರೆಂದೂ ಎಲ್ಲೂ ಬರೆದಿಲ್ಲ! ಸರ್ವೇಶ್ವರ ಸಿಟ್ಟಾದರು, ಆಮೇಲೆ ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಮೋಶೆ ಇನ್ನೂ ನೆಪ ಹೇಳುತ್ತಿದ್ದಾಗಲೇ ಆರೋನ ಅವನನ್ನು ಕಾಣಲು ಹೊರಟಾಗಿತ್ತು.

ನಾವು ಬೇಡುವುದು ನಾಲಿಗೆ ನೆಟ್ಟಗಾಗಲಿ ಎಂದು. ದೇವರು ಕಳುಹಿಸುವುದು ಪಕ್ಕಕ್ಕೊಬ್ಬ ಸಹೋದರನನ್ನು. ಆತ ತೆಲುಗಿನವನೇ ಆಗಿರಬಹುದು. ಅವನ ಬಳಿ ಹೋಗಿ ಕೇಳುವುದಕ್ಕಿಂತ ಸುಮ್ಮನಿರುವುದು ನಮಗೆ ಸುಲಭ, ನಿಜ ಹೇಳಬೇಕೆಂದರೆ.

ಬರುವ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹವನ್ನಾದರೂ ನಮ್ಮ ಮನೆಯವರೊಬ್ಬರು ಓದಲಿ. ಶನಿವಾರ ಸಂಜೆ ಪಕ್ಕದ ಮನೆಯವರ ಮುಂದೆ ಒಮ್ಮೆ ಓದಿ ತಿದ್ದಿಸಿಕೊಳ್ಳೋಣ. ಅಲ್ಲಿ ನಗು ಬಂದರೆ ನಾವೂ ನಗೋಣ.